ಎಡಪಂಥೀಯ ಎಂದರೆ ಯಾರು? ಗೇಣಿಯ ನಾಡು ಹೇಳುವ ಉತ್ತರ

ರಾಮಕುಂಜ (ಕಡಬ): ಪುತ್ತೂರು ಹಾಗೂ ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ರಚಿಸಲಾದ ಕಡಬ ತಾಲ್ಲೂಕಿನ ಎರಡು ಊರುಗಳು, ಭಿನ್ನ ದಾರಿ ಹಿಡಿದ ಇಬ್ಬರನ್ನು ಕರ್ನಾಟಕದ ಸಾರ್ವಜನಿಕ ಬದುಕಿಗೆ ನೀಡಿವೆ. ರಾಮಕುಂಜದಲ್ಲಿ 1931ರಲ್ಲಿ ಜನಿಸಿದ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ ರಾಮಜನ್ಮಭೂಮಿ ಚಳವಳಿಯ ಪ್ರಮುಖರಲ್ಲಿ ಒಬ್ಬರಾದರು. ಸುಬ್ರಹ್ಮಣ್ಯ ಸಮೀಪದ ಕುಳಕುಂದದಲ್ಲಿ 1924ರಲ್ಲಿ ಜನಿಸಿದ ಶಿವರಾಯರು ‘ನಿರಂಜನ’ ಎಂಬ ಕಾವ್ಯನಾಮದಲ್ಲಿ ಬರೆದು, ಕಮ್ಯುನಿಸ್ಟ್ ಚಳವಳಿಯೊಂದಿಗೆ ಗುರುತಿಸಿಕೊಂಡರು.

‘ಎಡಪಂಥೀಯ’ ಎಂಬುದು ಕೆಲವರಿಗೆ ಹೆಮ್ಮೆಯ ಗುರುತು, ಮತ್ತೆ ಕೆಲವರಿಗೆ ಬೈಗುಳ. ಎರಡೂ ಬಗೆಯ ಬಳಕೆಯ ನಡುವೆ ಆ ಪದದ ಅರ್ಥವೇ ಮಸುಕಾಗಿದೆ. ಕರಾವಳಿಯ ಗದ್ದೆ-ತೋಟಗಳ ಇತಿಹಾಸವನ್ನು ಗಮನಿಸಿದರೆ ಅದಕ್ಕೆ ಸಾಕಷ್ಟು ಸ್ಪಷ್ಟವಾದ ಅರ್ಥವಿದ್ದುದು ಕಂಡುಬರುತ್ತದೆ.

ಪದದ ಮೂಲ

1789ರ ಫ್ರಾನ್ಸ್ ಕ್ರಾಂತಿಯ ಸಂದರ್ಭದಲ್ಲಿ ಅಲ್ಲಿನ ರಾಷ್ಟ್ರೀಯ ಸಭೆಯಲ್ಲಿ ಅರಸನ ಅಧಿಕಾರವನ್ನು ಮೊಟಕುಗೊಳಿಸಬೇಕೆಂದವರು ಅಧ್ಯಕ್ಷರ ಎಡಕ್ಕೂ, ಅದನ್ನು ಉಳಿಸಬೇಕೆಂದವರು ಬಲಕ್ಕೂ ಕುಳಿತರು. ಆಸನದ ಗುರುತು ಕ್ರಮೇಣ ವಿಚಾರದ ಗುರುತಾಯಿತು. ಕರ್ನಾಟಕದ ಪರಿಶಿಷ್ಟ ಜಾತಿಗಳಲ್ಲಿ ರೂಢಿಯಲ್ಲಿರುವ ಎಡಗೈ-ಬಲಗೈ ಎಂಬ ವಿಂಗಡಣೆಗೂ ಇದಕ್ಕೂ ಸಂಬಂಧವಿಲ್ಲ.

ಎಡಪಂಥದ ತಿರುಳನ್ನು ಮೂರು ಮಾತುಗಳಲ್ಲಿ ಹೇಳಬಹುದು. ಬಡತನ ಮತ್ತು ಅಸಮಾನತೆ ವಿಧಿಲಿಖಿತವಲ್ಲ, ಅವು ಮನುಷ್ಯರು ಮಾಡಿದ ವ್ಯವಸ್ಥೆಯ ಫಲ. ಆದ್ದರಿಂದ ಕಾನೂನು ಮತ್ತು ಸಂಘಟನೆಯ ಮೂಲಕ ಅವನ್ನು ಬದಲಿಸಬಹುದು. ಭೂಮಿ, ಕೂಲಿ, ಶಿಕ್ಷಣ, ಆರೋಗ್ಯಗಳನ್ನು ಮಾರುಕಟ್ಟೆಗೆ ಬಿಟ್ಟುಕೊಡದೆ ಸಮಾಜ ಹೊಣೆ ಹೊರಬೇಕು. ಇಷ್ಟನ್ನು ಒಪ್ಪಿದವರೂ ದಾರಿಯ ವಿಷಯದಲ್ಲಿ ಕಮ್ಯುನಿಸ್ಟರು, ಸಮಾಜವಾದಿಗಳು, ಸುಧಾರಣಾವಾದಿಗಳು ಎಂದು ಬೇರೆಯಾಗಿದ್ದಾರೆ. ಭಾರತ ಕಮ್ಯುನಿಸ್ಟ್ ಪಕ್ಷವೇ 1964ರಲ್ಲಿ ಇಬ್ಭಾಗವಾಗಿ ಸಿಪಿಎಂ ಹುಟ್ಟಿಕೊಂಡಿತು.

ಗೇಣಿಯ ಪ್ರಶ್ನೆ

ಭಾರತ ಕಮ್ಯುನಿಸ್ಟ್ ಪಕ್ಷದ ಮೊದಲ ಪ್ರಧಾನ ಕಾರ್ಯದರ್ಶಿ ಎಂದು ಗುರುತಿಸಲಾಗುವ ಎಸ್.ವಿ. ಘಾಟೆ ಮಂಗಳೂರಿನವರು. ನಗರದಲ್ಲಿ ಹಂಚು ಮತ್ತು ಬೀಡಿ ಕಾರ್ಮಿಕರು ಎಡಪಂಥದ ನೆಲೆಯಾದರೆ, ಹಳ್ಳಿಗಳಲ್ಲಿ ಗೇಣಿಯೇ ಮುಖ್ಯ ಪ್ರಶ್ನೆಯಾಗಿತ್ತು. ಮೂಲಗೇಣಿ ಒಕ್ಕಲಿಗೆ ಶಾಶ್ವತ ಹಕ್ಕು ಮತ್ತು ನಿಗದಿತ ಗೇಣಿ ಇದ್ದವು. ಚಾಲಗೇಣಿಯವರಿಗೆ ಆ ಭದ್ರತೆ ಇರಲಿಲ್ಲ. ಧಣಿಗಳ ಮನಸ್ಸು ಬದಲಾದರೆ ಗೇಣಿ ಏರುತ್ತಿತ್ತು, ಇಲ್ಲವೇ ಗದ್ದೆ ಕೈತಪ್ಪುತ್ತಿತ್ತು.

ಅಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು ಇಂದು ಕಾಸರಗೋಡಿಗೆ ಸೇರಿರುವ ಕಯ್ಯೂರಿನಲ್ಲಿ 1941ರಲ್ಲಿ ರೈತರ ಪ್ರತಿಭಟನೆಯ ವೇಳೆ ಪೊಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಮೃತಪಟ್ಟ. ಈ ಪ್ರಕರಣದಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಗೆ ಇದೇ ವಸ್ತು. ಮಲೆನಾಡಿನಲ್ಲಿ ಇದೇ ಪ್ರಶ್ನೆಯನ್ನು ಸಮಾಜವಾದಿಗಳು ಎತ್ತಿಕೊಂಡರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹಕ್ಕೆ ಗೇಣಿ ಅಳೆಯುವ ಕೊಳಗದ ವಿವಾದ ಕಾರಣವಾಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು.

ಹುಟ್ಟು ಮತ್ತು ನಿಲುವು

ಒಬ್ಬರ ಹುಟ್ಟೇ ಅವರ ರಾಜಕೀಯ ನಿಲುವನ್ನು ನಿರ್ಧರಿಸುತ್ತದೆಯೇ ಎಂಬ ಪ್ರಶ್ನೆಗೆ ಬಿ.ವಿ. ಕಕ್ಕಿಲ್ಲಾಯ (1919-2012) ಅವರ ಜೀವನ ಉತ್ತರವಾಗಿದೆ. ಕಾಸರಗೋಡು ಸಮೀಪದ ಬೇವಿಂಜೆಯ ಭೂಮಾಲೀಕ ಕುಟುಂಬದಲ್ಲಿ ಹುಟ್ಟಿದ ಅವರು ಕಮ್ಯುನಿಸ್ಟ್ ಪಕ್ಷ ಸೇರಿ, 1952ರಲ್ಲಿ ರಾಜ್ಯಸಭೆಯ ಸದಸ್ಯರಾದರು. 1972ರಲ್ಲಿ ಬಂಟ್ವಾಳದಿಂದ, 1978ರಲ್ಲಿ ವಿಟ್ಲದಿಂದ ವಿಧಾನಸಭೆಗೆ ಆಯ್ಕೆಯಾದರು.

ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ಅವರು ಶಾಸಕರಾಗಿದ್ದರು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶವಾಗಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಹಕ್ಕು ಕೇಳಬಹುದಾಯಿತು. ಅರ್ಜಿಗಳನ್ನು ತೀರ್ಮಾನಿಸಲು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಭೂ ನ್ಯಾಯಮಂಡಳಿಗಳು ರಚನೆಯಾದವು. ಅವುಗಳಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬ ಸದಸ್ಯರಿರುವುದು ಕಡ್ಡಾಯವಾಗಿತ್ತು. ಆರಂಭದಲ್ಲಿ ವಕೀಲರಿಗೆ ವಾದಿಸಲು ಅವಕಾಶವಿರಲಿಲ್ಲ. ಇದರಿಂದ ಸಾವಿರಾರು ಒಕ್ಕಲು ಕುಟುಂಬಗಳು ಭೂಮಿಯ ಒಡೆತನ ಪಡೆದವು. ಗೇಣಿಯನ್ನೇ ನೆಚ್ಚಿದ್ದ ಸಣ್ಣ ಹಿಡುವಳಿಯ ಮಾಲೀಕರು ಜೀವನೋಪಾಯ ಕಳೆದುಕೊಂಡದ್ದೂ ಇದೇ ಚರಿತ್ರೆಯ ಭಾಗ.

ಭೂಮಿ ಸಿಕ್ಕ ನಂತರ

ಕಾನೂನನ್ನು ತಂದದ್ದು ಕಾಂಗ್ರೆಸ್ ಸರ್ಕಾರ, ಬೇಡಿಕೆಯನ್ನು ದಶಕಗಳ ಕಾಲ ಹೊತ್ತದ್ದು ಎಡಪಂಥೀಯರು. ಆದರೆ ಹಕ್ಕುಪತ್ರ ಪಡೆದವರು ಎಡಪಕ್ಷಗಳ ಕಾಯಂ ಮತದಾರರಾಗಿ ಉಳಿಯಲಿಲ್ಲ. 1983ರಲ್ಲಿ ಉಳ್ಳಾಲದಿಂದ ಸಿಪಿಎಂನ ಪಿ. ರಾಮಚಂದ್ರ ರಾವ್ ಗೆದ್ದರು. ಆ ನಂತರದ ಚುನಾವಣೆಗಳಲ್ಲಿ ಜಿಲ್ಲೆಯಿಂದ ಎಡಪಕ್ಷಗಳ ಯಾರೂ ವಿಧಾನಸಭೆ ಪ್ರವೇಶಿಸಿಲ್ಲ. ಒಕ್ಕಲು ಮಾಲೀಕನಾದಾಗ ಅವನ ಹಿತಾಸಕ್ತಿಯೂ ಬದಲಾಗುತ್ತದೆ. ನಿನ್ನೆ ಗೇಣಿ ಇಳಿಸಬೇಕೆಂದವನಿಗೆ ಇಂದು ಅಡಿಕೆಯ ಧಾರಣೆ ಮತ್ತು ತೋಟದ ಕೂಲಿಯ ಚಿಂತೆ.

ಸುಧಾರಣೆಯ ಫಲ ಮುಖ್ಯವಾಗಿ ಗೇಣಿದಾರರಿಗೆ ದೊರೆಯಿತು. ತುಂಡು ಭೂಮಿಯೂ ಇಲ್ಲದ ಕೂಲಿಕಾರರು ಬಹುಪಾಲು ಹೊರಗುಳಿದರು. ಭಾರತ-ಶ್ರೀಲಂಕಾ ನಡುವಿನ 1964ರ ಒಪ್ಪಂದದಂತೆ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ನೀಡಲಾಯಿತು. ಅವರ ಪ್ರಶ್ನೆ ಕೂಲಿ ಮತ್ತು ವಸತಿಯದು, ಗೇಣಿಯದಲ್ಲ. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಮಾಡಿಕೊಟ್ಟ 2020ರ ತಿದ್ದುಪಡಿಯು 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದಾಗ ಭೂಮಿಯ ಪ್ರಶ್ನೆ ಮತ್ತೆ ಬೀದಿಗೆ ಬಂತು. ಅದನ್ನು ವಿರೋಧಿಸಿದವರಲ್ಲಿ ಎಡಪಕ್ಷಗಳೊಂದಿಗೆ ರೈತ, ದಲಿತ ಸಂಘಟನೆಗಳೂ ಇದ್ದವು.

ತಪ್ಪು ತಿಳಿವಳಿಕೆಗಳು

ಎಡಪಂಥೀಯರೆಲ್ಲರೂ ಕಮ್ಯುನಿಸ್ಟರಲ್ಲ. ಎಲ್ಲರೂ ನಾಸ್ತಿಕರೂ ಅಲ್ಲ. ಧರ್ಮವನ್ನು ರಾಜಕಾರಣದಿಂದ ದೂರವಿಡಬೇಕೆಂಬುದು ಅವರ ಸಾಮಾನ್ಯ ನಿಲುವು. ಸರ್ಕಾರವನ್ನು ಟೀಕಿಸಿದ ಮಾತ್ರಕ್ಕೆ ಯಾರೂ ಎಡಪಂಥೀಯರಾಗುವುದಿಲ್ಲ. ಎಡಪಂಥದ ಮೇಲಿನ ಟೀಕೆಗಳೂ ಗಂಭೀರವಾದವೇ. ಸೋವಿಯತ್ ಒಕ್ಕೂಟದ ಏಕಪಕ್ಷ ಆಡಳಿತ ಪ್ರಜೆಗಳ ಸ್ವಾತಂತ್ರ್ಯವನ್ನು ಹತ್ತಿಕ್ಕಿತು. ಭಾರತದ ಎಡಪಂಥೀಯರು ವರ್ಗವನ್ನು ಕಂಡಷ್ಟು ಸ್ಪಷ್ಟವಾಗಿ ಜಾತಿಯನ್ನು ಕಾಣಲಿಲ್ಲ ಎಂಬ ಆಕ್ಷೇಪವನ್ನು ದಲಿತ ಚಿಂತಕರು ಎತ್ತಿದ್ದಾರೆ.

ತನ್ನನ್ನು ಎಡಪಂಥೀಯ ಎಂದು ಕರೆದುಕೊಳ್ಳುವವರನ್ನು ಅಳೆಯಲು ಈ ನೆಲದ ಚರಿತ್ರೆಯೇ ಒಂದು ಕೊಳಗ ಒದಗಿಸಿದೆ. ತನಗೆ ಹಕ್ಕು ಸಿಗುವವರೆಗೆ ಹೋರಾಡುವುದು ಯಾವ ಪಂಥದವರಿಗೂ ಸಹಜ. ತನಗೆ ಸಿಕ್ಕಿದ ಮೇಲೂ, ಇಲ್ಲವೇ ತನ್ನ ಮನೆಗೇ ನಷ್ಟವಾಗುವಾಗಲೂ, ಇನ್ನೂ ಸಿಗದವರ ಪರವಾಗಿ ನಿಲ್ಲುವರೇ ಎಂಬುದರಲ್ಲಿ ಆ ಹೆಸರಿನ ಸತ್ಯಾಸತ್ಯತೆ ಅಡಗಿದೆ.