ಇಲಿ ಬಿದ್ದ ಮನೆ: ಮೈಸೂರು ಸೀಮೆಯ ಪ್ಲೇಗು ಮತ್ತು ಜನರ ಮನಸ್ಸು

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಬಂದದ್ದು ರೈಲಿನ ದಾರಿಯಲ್ಲಿ. ಹುಬ್ಬಳ್ಳಿ ಆಗಲೇ ರೋಗದಿಂದ ತತ್ತರಿಸುತ್ತಿತ್ತು. ಸದರ್ನ್ ಮರಾಠಾ ರೈಲ್ವೆಯ ದೊಡ್ಡ ಕಾರ್ಯಾಗಾರ ಇದ್ದ ಆ ಊರಿಗೂ ಬೆಂಗಳೂರಿಗೂ ನಿತ್ಯ ಓಡಾಟವಿತ್ತು. ಅಲ್ಲಿಂದ ಬಂದ ರೈಲ್ವೆ ಅಧಿಕಾರಿಯೊಬ್ಬರ ಮನೆಯಾಳಿನಲ್ಲಿ ರೋಗ ಮೊದಲು ಕಂಡಿತು. ಕೆಲವೇ ವಾರಗಳಲ್ಲಿ ಪೇಟೆಯ ಇಕ್ಕಟ್ಟಾದ ಬೀದಿಗಳಿಗೂ ದಂಡಿನ ಪ್ರದೇಶಕ್ಕೂ ಅದು ಹಬ್ಬಿತು. ಪೇಟೆ ಮತ್ತು ದಂಡು ಸೇರಿ 1891ರ ಜನಗಣತಿಯಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರ ಗಣತಿಯ ಹೊತ್ತಿಗೆ 1,59,046ಕ್ಕೆ ಇಳಿಯಿತು. ಸತ್ತವರ ಜೊತೆಗೆ ಊರು ಬಿಟ್ಟು ಹೋದವರ ಲೆಕ್ಕವೂ ಈ ಇಳಿಕೆಯಲ್ಲಿ ಸೇರಿದೆ.

ಪ್ಲೇಗು ಭಾರತದಲ್ಲಿ ಮೊದಲು ಗುರುತಿಗೆ ಬಂದದ್ದು ಬೊಂಬಾಯಿಯಲ್ಲಿ, 1896ರ ಸೆಪ್ಟೆಂಬರಿನಲ್ಲಿ. ಬಂದರಿನ ಪಕ್ಕದ ಮಾಂಡವಿ ಬಡಾವಣೆಯ ರೋಗಿಗಳನ್ನು ನೋಡಿದ ಡಾ. ಅಕಾಸಿಯೊ ವಿಯೇಗಾಸ್ ಇದು ಪ್ಲೇಗೇ ಎಂದು ಹೇಳಿದರು. ಐದು ತಿಂಗಳೊಳಗೆ, 1897ರ ಫೆಬ್ರವರಿಯಲ್ಲಿ, ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೆ ತಂದಿತು. ನಾಲ್ಕೇ ಕಲಮುಗಳ ಈ ಕಾಯ್ದೆ ಅಧಿಕಾರಿಗಳ ಕೈಗೆ ಅಪಾರ ಅಧಿಕಾರ ಕೊಟ್ಟಿತು. ಮನೆಗೆ ನುಗ್ಗಿ ಶೋಧಿಸಬಹುದು, ಪ್ರಯಾಣಿಕರನ್ನು ತಡೆದು ಪರೀಕ್ಷಿಸಬಹುದು, ರೋಗದ ಶಂಕೆಯಿದ್ದವರನ್ನು ಬೇರೆ ಕಡೆ ಇಡಬಹುದು. ಒಳ್ಳೆಯ ಉದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿರಲಿಲ್ಲ. ರೋಗಿಗೆ ಯಾವ ಹಕ್ಕಿದೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮೈಸೂರು ಸಂಸ್ಥಾನವೂ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ ನಡೆಯಿತು.

ಆಗಿನ ವೈದ್ಯಶಾಸ್ತ್ರಕ್ಕೆ ರೋಗದ ಕಾರಣ ಅರ್ಧ ಮಾತ್ರ ತಿಳಿದಿತ್ತು. 1894ರಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ರೋಗಾಣುವನ್ನು ಕಂಡುಹಿಡಿದಿದ್ದರು. ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ದಾಟುತ್ತದೆ ಎಂದು ಪಾಲ್ ಲೂಯಿ ಸಿಮಾಂಡ್ ತೋರಿಸಿದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಮತ್ತೂ ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅಧಿಕಾರಿಗಳು ರೋಗವನ್ನು ಕೊಳೆಯಲ್ಲಿ, ಗಾಳಿಯಲ್ಲಿ, ನೆಲದಲ್ಲಿ ಹುಡುಕಿದರು. ಮನೆಯ ಹೆಂಚು ಕಿತ್ತು ಬಿಸಿಲು ಬೀಳಿಸುವುದು, ನೆಲ ಅಗೆಯುವುದು, ಗೋಡೆಗೆ ಸುಣ್ಣ ಬಳಿಯುವುದು, ಹಾಸಿಗೆ ಬಟ್ಟೆ ಸುಡುವುದು, ಬಚ್ಚಲಿಗೂ ಬಾಗಿಲಿಗೂ ಔಷಧಿಯ ನೀರು ಸುರಿಯುವುದು ನಡೆಯಿತು. ಈ ಗಲಾಟೆಗೆ ಬೆದರಿದ ಇಲಿಗಳು ಪಕ್ಕದ ಮನೆಗೆ ಓಡುತ್ತಿದ್ದವು, ಅವುಗಳ ಜೊತೆ ರೋಗವೂ ಹೋಗುತ್ತಿತ್ತು. ಪ್ಲೇಗಿನವರು ಬಂದು ಹೋದ ಮೇಲೆ ಬೀದಿಯಲ್ಲಿ ರೋಗ ಹೆಚ್ಚಾಯಿತು ಎಂದು ಜನ ಆಡಿಕೊಂಡದ್ದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಪ್ಲೇಗಿನ ಗೆಡ್ಡೆ ಏಳುವುದು ತೊಡೆಸಂದಿಯಲ್ಲಿ, ಕಂಕುಳಲ್ಲಿ ಅಥವಾ ಕತ್ತಿನಲ್ಲಿ. ಆದ್ದರಿಂದ ಪರೀಕ್ಷೆಯೆಂದರೆ ಆ ಜಾಗಗಳನ್ನೇ ಮುಟ್ಟಿ ನೋಡಬೇಕು. ರೈಲು ನಿಲ್ದಾಣದಲ್ಲಿ ಪ್ರಯಾಣಿಕರನ್ನು ಇಳಿಸಿ, ಸಾಲಾಗಿ ನಿಲ್ಲಿಸಿ, ಎಲ್ಲರೆದುರು ಹೀಗೆ ನೋಡಲಾಗುತ್ತಿತ್ತು. ಹೆಂಗಸರನ್ನು ಪರಕೀಯ ಗಂಡಸು ಮುಟ್ಟುವುದನ್ನು ಯಾವ ಜಾತಿಯ, ಯಾವ ಮತದ ಮನೆಯೂ ಸಹಿಸಲಿಲ್ಲ. ಕೆಲವು ಕಡೆ ಪರೀಕ್ಷೆಗೆ ಹೆಂಗಸರನ್ನೇ ನೇಮಿಸಿದರು, ಆದರೆ ಅದು ಬಂದದ್ದು ತಡವಾಗಿ, ಸಾಲದಷ್ಟು. ಜ್ವರ ಬಂದವರನ್ನು ಮನೆಯ ಅಟ್ಟದ ಮೇಲೆ, ಧಾನ್ಯದ ಮೂಟೆಗಳ ಹಿಂದೆ ಬಚ್ಚಿಡುವುದು ಇಲ್ಲಿಂದ ಶುರುವಾಯಿತು. ಹೆಣವನ್ನು ರಾತ್ರೋರಾತ್ರಿ ಹೂಳುವುದು, ಬೇರೆ ಕಾಯಿಲೆಯಿಂದ ಸತ್ತನೆಂದು ಬರೆಸುವುದು ಸಾಮಾನ್ಯವಾಯಿತು.

ಸಾವಿಗೆ ಆ ಕಾಲದ ಜನ ಹೊಸಬರಾಗಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆಯಷ್ಟೇ, 1876ರಿಂದ 78ರವರೆಗಿನ ಬರ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತ್ತು. ವಾಂತಿಭೇದಿ, ಸಿಡುಬು ವರ್ಷವರ್ಷವೂ ಬರುತ್ತಿದ್ದವು. ಪ್ಲೇಗಿನ ಕಾಲದಲ್ಲಿ ಅವರ ಎದೆ ನಡುಗಿಸಿದ್ದು ಒಂಟಿ ಸಾವು. ರೋಗಿಯನ್ನು ಆಸ್ಪತ್ರೆಯ ಗಾಡಿ ಹೊತ್ತೊಯ್ದರೆ ಬಾಯಿಗೆ ನೀರು ಬಿಡಲು ಮಗನಿಲ್ಲ, ಹೆಣ ತೊಳೆಯಲು ನಂಟರಿಲ್ಲ, ಉತ್ತರಕ್ರಿಯೆ ಹೇಗಾಯಿತೋ ಗೊತ್ತಿಲ್ಲ. ಮನೆಯವರೆಲ್ಲ ಬೇರೊಂದು ಶಿಬಿರದಲ್ಲಿ ಕಾವಲಿನೊಳಗೆ. ಈ ಅಗಲಿಕೆಗೆ ಅಂಜಿಯೇ ಹೆಚ್ಚಿನ ಮನೆಗಳು ರೋಗ ಮುಚ್ಚಿಟ್ಟವು. ಸರ್ಕಾರದ ವರದಿಗಳು ಇದನ್ನು ಮೂಢನಂಬಿಕೆ, ಹಟಮಾರಿತನ ಎಂದು ಬರೆದುಕೊಂಡವು.

ಗಾಳಿಸುದ್ದಿಗಳು ಬೆಳೆದದ್ದೂ ಇದೇ ನೆಲದಲ್ಲಿ. ಆಸ್ಪತ್ರೆಗೆ ಹೋದವರನ್ನು ಕೊಂದು ಮೈಯಿಂದ ಎಣ್ಣೆ ತೆಗೆಯುತ್ತಾರೆ ಎಂಬ ಮಾತು ಬೊಂಬಾಯಿಯಲ್ಲಿ ಹರಡಿತ್ತು. ಜನಸಂಖ್ಯೆ ಕಡಿಮೆ ಮಾಡಲು ಸರ್ಕಾರವೇ ಬಾವಿಗೆ ವಿಷ ಹಾಕಿಸುತ್ತಿದೆ, ಸೂಜಿ ಚುಚ್ಚಿಸಿಕೊಂಡವರು ಬಂಜೆಯಾಗುತ್ತಾರೆ ಎಂಬ ಮಾತುಗಳೂ ಹುಟ್ಟಿದವು. ಕಣ್ಣ ಮುಂದೆ ಆಸ್ಪತ್ರೆಗೆ ಹೋದ ಹತ್ತು ಜನರಲ್ಲಿ ಏಳೆಂಟು ಜನ ವಾಪಸು ಬರದಿದ್ದಾಗ, ಒಳಗೆ ಏನಾಯಿತೆಂದು ಹೇಳುವವರು ಯಾರೂ ಇಲ್ಲದಿದ್ದಾಗ, ಮನಸ್ಸು ಇಂಥ ಕಥೆಗಳನ್ನು ತಾನೇ ಕಟ್ಟಿಕೊಳ್ಳುತ್ತದೆ.

ಒತ್ತಡ ಹಲವು ಕಡೆ ಸಿಡಿಯಿತು. ಪುಣೆಯಲ್ಲಿ ಸೈನಿಕರನ್ನು ಬಿಟ್ಟು ಮನೆ ಶೋಧಿಸಿದ ಪ್ಲೇಗು ಅಧಿಕಾರಿ ರ್‍ಯಾಂಡ್‌ನ ಮೇಲೆ 1897ರ ಜೂನ್ 22ರಂದು ಚಾಫೇಕರ್ ಸೋದರರು ಗುಂಡು ಹಾರಿಸಿದರು. 1898ರ ಮಾರ್ಚ್‌ನಲ್ಲಿ ಬೊಂಬಾಯಿಯಲ್ಲಿ ಗಲಭೆಯಾಯಿತು. ಅದೇ ವರ್ಷ ಮೈಸೂರು ಸೀಮೆಯಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗು ನಿಯಮಗಳ ವಿರುದ್ಧ ಜನ ದಂಗೆ ಎದ್ದರು.

ಆಗ ಸಂಸ್ಥಾನದ ಆಡಳಿತ ರಾಜಪ್ರತಿನಿಧಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿತ್ತು, ದಿವಾನರು ಕೆ. ಶೇಷಾದ್ರಿ ಅಯ್ಯರ್. ಮುಂದೆ ದಿವಾನರಾದ ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾಗಿ ದುಡಿದರು. ಬೆಂಗಳೂರಿನ ಪ್ಲೇಗು ಶಿಬಿರದಲ್ಲಿ ಕೆಲಸ ಮಾಡಿದವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಉದ್ಯೋಗ ನಿರಾಕರಿಸಿತ್ತು. ಮೈಸೂರು ಸರ್ಕಾರ ಕೆಲಸ ಕೊಟ್ಟಿತ್ತು. ಸಾವು ಎದುರಿಗಿದ್ದ ಜಾಗದಲ್ಲಿ ನಿಂತು ಅವರು ಮಾಡಿದ ಸೇವೆ ಇಂದಿಗೂ ನೆನೆಯಬೇಕಾದದ್ದು. ಗಾಡಿ ಎಳೆದವರು, ಹೆಣ ಹೊತ್ತವರು, ಚರಂಡಿ ತೊಳೆದವರು ಅವರಿಗಿಂತ ಹೆಚ್ಚಿನ ಅಪಾಯದಲ್ಲಿದ್ದರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಹಳ್ಳಿಗಳು ಕಾನೂನಿಗೆ ಕಾಯಲಿಲ್ಲ. ಪ್ಲೇಗು ಬರುವ ಮುನ್ನ ಇಲಿ ಬೀಳುತ್ತದೆ ಎಂಬುದನ್ನು ರೈತರು ವಿಜ್ಞಾನಿಗಳಿಗಿಂತ ಮೊದಲೇ ಕಂಡುಕೊಂಡಿದ್ದರು. ಅಟ್ಟದಿಂದ ಇಲಿಯೊಂದು ತೂರಾಡುತ್ತ ಬಂದು ನಡುಮನೆಯಲ್ಲಿ ಸತ್ತು ಬಿದ್ದರೆ ಆ ಮನೆಯಲ್ಲಿ ಅಂದು ಒಲೆ ಹೊತ್ತುವುದು ಅನುಮಾನ. ಸುದ್ದಿ ಊರಿಗೆ ಹರಡುತ್ತಿದ್ದಂತೆ ಪಟೇಲ ಶಾನುಭೋಗರು ಕೂಡಿ ಊರು ಬಿಡುವ ದಿನ ಗೊತ್ತು ಮಾಡುತ್ತಿದ್ದರು. ತೋಟದಲ್ಲಿ, ಹೊಲದ ಬದುವಿನಲ್ಲಿ, ಕೆರೆಯ ಆಚೆ ದಂಡೆಯಲ್ಲಿ ಬಿದಿರು ನೆಟ್ಟು, ತೆಂಗಿನ ಗರಿಯನ್ನೋ ಸೋಗೆಯನ್ನೋ ಹೊದಿಸಿ ಗುಡಿಸಲು ಹಾಕುತ್ತಿದ್ದರು. ಮೂರು ಕಲ್ಲಿನ ಒಲೆ, ಎರಡು ಪಾತ್ರೆ, ತಿಂಗಳಿಗಾಗುವಷ್ಟು ರಾಗಿ, ಪಕ್ಕದಲ್ಲಿ ಕಟ್ಟಿದ ದನ, ಇಷ್ಟೇ ಸಂಸಾರ. ಊರಿನಲ್ಲಿ ಕೇರಿ ಕೇರಿಯಾಗಿ ಇದ್ದವರು ಬಯಲಿನಲ್ಲೂ ಕೇರಿ ಕೇರಿಯಾಗಿಯೇ ಗುಡಿಸಲು ಹಾಕಿಕೊಂಡರು. ಜಾತಿಯ ಗೆರೆ ಪ್ಲೇಗಿಗೂ ಅಳಿಯಲಿಲ್ಲ. ಹಗಲು ಒಬ್ಬಿಬ್ಬರು ಊರಿನೊಳಗೆ ಹೋಗಿ ಬಾಗಿಲ ಬೀಗ ನೋಡಿ ಬರುತ್ತಿದ್ದರು, ರಾತ್ರಿ ಯಾರೂ ಉಳಿಯುತ್ತಿರಲಿಲ್ಲ. ಕಳ್ಳರ ಭಯ, ಚಳಿ, ಹಾವು, ಅಕಾಲದ ಮಳೆ ಇವೆಲ್ಲ ಇದ್ದರೂ ಎರಡು ಮೂರು ತಿಂಗಳು ಹೀಗೆ ಕಳೆದು, ಮತ್ತೆ ಮನೆ ಸಾರಿಸಿ ಸುಣ್ಣ ಬಳಿದು ಒಳಗೆ ಕಾಲಿಡುತ್ತಿದ್ದರು.

ಶಿಬಿರಕ್ಕೆ ಒಯ್ಯುವುದನ್ನು ಕೈಯಲ್ಲಿ ದೊಣ್ಣೆ ಹಿಡಿದು ತಡೆದ ಜನರೇ ಇದನ್ನು ಯಾರ ಬಲವಂತವೂ ಇಲ್ಲದೆ ಮಾಡಿದರು. ಶಿಬಿರದಲ್ಲೂ ಗುಡಿಸಲೇ ಇತ್ತು, ಬಯಲೇ ಇತ್ತು. ಆದರೆ ತೋಟದ ಗುಡಿಸಲಿನಲ್ಲಿ ಗಂಡ ಹೆಂಡತಿ ಮಕ್ಕಳು ಒಟ್ಟಿಗಿದ್ದರು, ನೆರೆಯವರು ಕೂಗಳತೆಯಲ್ಲಿದ್ದರು, ರೋಗಿಯ ತಲೆದೆಸೆಯಲ್ಲಿ ತಾಯಿ ಕೂತಿರಬಹುದಿತ್ತು. ಸರ್ಕಾರಕ್ಕೂ ಇದು ಕ್ರಮೇಣ ಅರ್ಥವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮನೆಶೋಧ, ಬಲವಂತದ ಪ್ರತ್ಯೇಕವಾಸಗಳನ್ನು ಸಡಿಲಿಸಿ, ಊರು ಬಿಡುವವರಿಗೆ ನೆರವು ಕೊಡುವ ಕಡೆಗೆ ನೀತಿ ವಾಲಿತು.

ಊರು ಬಿಡುವುದರ ಜೊತೆಗೇ ದೇವರ ಕಾರ್ಯವೂ ನಡೆಯುತ್ತಿತ್ತು. ಸಿಡುಬಿಗೂ ವಾಂತಿಭೇದಿಗೂ ಒಡತಿಯಾಗಿದ್ದ ಮಾರಮ್ಮನಿಗೆ ಹೊಸ ಬೇನೆಯ ಹೆಸರೂ ಸೇರಿಕೊಂಡು ಪ್ಲೇಗಮ್ಮ, ಪ್ಲೇಗು ಮಾರಿಯಮ್ಮ ಎಂಬ ಗುಡಿಗಳು ಎದ್ದವು. ಬೆಂಗಳೂರಿನಲ್ಲಿ ಅಂಥ ಗುಡಿಗಳು ಈಗಲೂ ಪೂಜೆಯಲ್ಲಿವೆ. ಬೇವಿನ ಸೊಪ್ಪು, ತಂಬಿಟ್ಟು, ಮೊಸರನ್ನದ ಎಡೆ ಇಟ್ಟು, ಮಾರಿಯನ್ನು ಊರ ಗಡಿ ದಾಟಿಸಿ ಬರುವ ಆಚರಣೆಯಲ್ಲಿ ಇಡೀ ಊರು ಒಂದಾಗಿ ನಿಲ್ಲುತ್ತಿತ್ತು. ಹೆದರಿದ ಮನಸ್ಸಿಗೆ ಮಾಡಲು ಏನಾದರೊಂದು ಕೆಲಸ ಬೇಕಿತ್ತು, ಅದನ್ನು ಈ ಆಚರಣೆ ಕೊಟ್ಟಿತು.

ಚುಚ್ಚುಮದ್ದಿನ ಕಥೆ ಬೇರೆ. ವಾಲ್ಡೆಮಾರ್ ಹಾಫ್ಕಿನ್ ಬೊಂಬಾಯಿಯಲ್ಲಿ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಮೇಲೇ ಪ್ರಯೋಗಿಸಿಕೊಂಡರು. ಅದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಹುಬ್ಬಳ್ಳಿ ಮುಖ್ಯವಾದದ್ದು. 1898ರಲ್ಲಿ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೂಜಿ ಹಾಕಿಸಿಕೊಂಡರು. ಹಾಕಿಸಿಕೊಂಡವರಿಗೆ ಪ್ರತ್ಯೇಕವಾಸದ ನಿಯಮಗಳಲ್ಲಿ ವಿನಾಯಿತಿ ಸಿಗುತ್ತಿದ್ದದ್ದು ಇದಕ್ಕೆ ಒಂದು ಕಾರಣ. ಸೂಜಿ ಹಾಕಿದ ಮೇಲೆ ತೋಳು ಊದಿ ಜ್ವರ ಬರುತ್ತಿತ್ತು, ಒಂದೆರಡು ದಿನದ ಕೂಲಿ ಹೋಗುತ್ತಿತ್ತು, ರಕ್ಷಣೆಯೂ ಕೆಲವೇ ತಿಂಗಳು. ಆದ್ದರಿಂದ ಪ್ರತಿ ಸಲ ರೋಗ ಬಂದಾಗ ಜನರನ್ನು ಹೊಸದಾಗಿ ಒಪ್ಪಿಸಬೇಕಾಗಿತ್ತು. 1902ರಲ್ಲಿ ಪಂಜಾಬಿನ ಮಲ್ಕೋವಾಲ್‌ನಲ್ಲಿ ಕೆಟ್ಟುಹೋದ ಒಂದೇ ಸೀಸೆಯ ಲಸಿಕೆಯಿಂದ 19 ಜನ ಧನುರ್ವಾಯು ಹಿಡಿದು ಸತ್ತರು. ಆ ಸುದ್ದಿ ದೇಶದುದ್ದಕ್ಕೂ ಲಸಿಕೆಯ ಮೇಲಿನ ನಂಬಿಕೆಯನ್ನು ಅಲುಗಿಸಿತು.

ಪ್ಲೇಗು ಒಮ್ಮೆ ಬಂದು ಹೋಗುವ ರೋಗವಾಗಿರಲಿಲ್ಲ. 1907ರಲ್ಲಿ ಭಾರತದಾದ್ಯಂತ ಸುಮಾರು 13 ಲಕ್ಷ ಜನ ಸತ್ತರು. ಒಟ್ಟು ಬಲಿ ಒಂದು ಕೋಟಿ ದಾಟಿತು. ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ನಲವತ್ತು ವರ್ಷದುದ್ದಕ್ಕೂ ಅದು ಮರಳಿ ಮರಳಿ ಬಂತು. ಸುಗ್ಗಿ ಕಣಜ ಸೇರಿದ ಮೇಲೆ ಜನ ಇಲಿಯ ಸದ್ದಿಗೆ ಕಿವಿಗೊಟ್ಟು ಮಲಗುತ್ತಿದ್ದರು. ಮದುವೆಯ ಮಾತುಕತೆಯನ್ನು ಈ ಸಲ ಮಾರಿ ಬರುತ್ತದೋ ಇಲ್ಲವೋ ನೋಡಿಕೊಂಡು ಮುಂದುವರಿಸುತ್ತಿದ್ದರು. ವರ್ಷಗಟ್ಟಲೆಯ ಈ ಕಾತರವನ್ನು ಕಾಯಿಲೆಯೆಂದು ಯಾರೂ ಎಣಿಸಲಿಲ್ಲ. ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಇತ್ತು, ಮುಂದೆ ನಿಮ್ಹಾನ್ಸ್ ಆಗಿ ಬೆಳೆದದ್ದು ಅದೇ. ಒಂದು ವಾರದಲ್ಲಿ ಮೂರು ಮಕ್ಕಳನ್ನು ಕಳೆದುಕೊಂಡು ಮಾತು ನಿಲ್ಲಿಸಿದ ತಾಯಿಯನ್ನು ಅಲ್ಲಿಗೆ ಯಾರೂ ಕರೆದೊಯ್ಯುತ್ತಿರಲಿಲ್ಲ. ಅಂಥವರಿಗೆ ನಂಟರ ಮನೆ, ದೇವರ ಗುಡಿ, ಹೊಲದ ಕೆಲಸ ಇವೇ ಆಸರೆ.

ಆ ದುಃಖದ ನಿಜವಾದ ದಾಖಲೆ ಸಿಗುವುದು ಕನ್ನಡದ ಕಾದಂಬರಿಗಳಲ್ಲಿ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಪ್ಲೇಗಿನಿಂದ ಸತ್ತ ನಾರಣಪ್ಪನ ಹೆಣ ಸಂಸ್ಕಾರವಿಲ್ಲದೆ ಬಿದ್ದಿರುತ್ತದೆ, ಅಗ್ರಹಾರದಲ್ಲಿ ಇಲಿಗಳು ಬೀಳುತ್ತವೆ, ಇದು ಪ್ಲೇಗೆಂದು ಒಪ್ಪಿಕೊಳ್ಳಲು ಜನರ ಮನಸ್ಸು ಸಿದ್ಧವಿರುವುದಿಲ್ಲ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಇನ್ನೂ ಹತ್ತಿರದಿಂದ ನೋಡುತ್ತದೆ. ನಂಜಮ್ಮ ಬೆಳೆದ ಮಗಳನ್ನೂ ಮಗನನ್ನೂ ಒಂದರ ಹಿಂದೊಂದರಂತೆ ಪ್ಲೇಗಿಗೆ ಕೊಟ್ಟೂ ಉಳಿದ ಮಗುವಿಗಾಗಿ ಎದ್ದು ಓಡಾಡಬೇಕಾಗುತ್ತದೆ. ಬಾಲ್ಯದಲ್ಲಿ ಒಡಹುಟ್ಟಿದವರನ್ನು ಇದೇ ರೋಗಕ್ಕೆ ಕಳೆದುಕೊಂಡಿದ್ದ ಲೇಖಕರು ಬರೆದ ಪುಟಗಳವು. ಯಾವ ಪ್ಲೇಗು ವರದಿಯಲ್ಲೂ ಕಾಣದ ಸಂಗತಿ ಅಲ್ಲಿದೆ: ಉಳಿದವರು ಹೇಗೆ ಬದುಕಿದರು ಎಂಬುದು.

ನಗರಗಳ ರೂಪವನ್ನೂ ಈ ಭಯ ಬದಲಿಸಿತು. ಪ್ಲೇಗಿಗೆ ಮೊದಲೇ ಯೋಜಿಸಿದ್ದ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಹೋಗಿ ನೆಲೆಸಲು ಮನಸ್ಸು ಮಾಡಿದ್ದು ಪೇಟೆಯ ಇಕ್ಕಟ್ಟು ಕೊಲ್ಲತೊಡಗಿದ ಮೇಲೆ. ದಂಡಿನ ಪ್ರದೇಶದಲ್ಲಿ 1906ರ ನಂತರ ಫ್ರೇಜರ್ ಟೌನ್ ಎದ್ದಿತು. ಇಲಿ ಸೇರದಂತೆ ಮನೆ ಕಟ್ಟುವುದು ಅಲ್ಲಿನ ಉದ್ದೇಶಗಳಲ್ಲೊಂದು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಅಗಲವಾದ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಹಿತ್ತಿಲು ಇರುವ ಈ ಬಡಾವಣೆಗಳು ಹಣವುಳ್ಳವರಿಗೆ ದಕ್ಕಿದವು. ಬಡವರು ತೋಟದ ಗುಡಿಸಲಿನಿಂದ ಹಳೆಯ ಕೇರಿಗೇ ಮರಳಿದರು.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಚಿಗಟಗಳನ್ನು ಕೊಂದಿತು, ಸ್ಟ್ರೆಪ್ಟೊಮೈಸಿನ್‌ನಂಥ ಔಷಧಿ ರೋಗಿಗಳನ್ನು ಉಳಿಸಿತು, ಊರು ಬಿಡುವ ಪದ್ಧತಿ ನಿಂತಿತು. ಕಾಯ್ದೆ ಮಾತ್ರ ಉಳಿಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಕರ್ನಾಟಕ ಸರ್ಕಾರ ಮೊದಲು ನಿಯಮ ಹೊರಡಿಸಿದ್ದು 1897ರ ಅದೇ ಕಾಯ್ದೆಯಡಿ. ಅದೇ ವರ್ಷ ರಾಜ್ಯ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು, ಕೇಂದ್ರ ಸರ್ಕಾರ ಹಳೆಯ ಕಾಯ್ದೆಗೆ ತಿದ್ದುಪಡಿ ಮಾಡಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಕಠಿಣ ಶಿಕ್ಷೆ ಸೇರಿಸಿತು. ಮನಸ್ಸಿನ ಸಂಕಟಕ್ಕೆ ಈ ಸಲ ಒಂದು ವ್ಯವಸ್ಥೆ ಇತ್ತು: ನಿಮ್ಹಾನ್ಸ್ ದೂರವಾಣಿಯಲ್ಲಿ ಆಪ್ತಸಮಾಲೋಚನೆ ಆರಂಭಿಸಿ, ಕ್ವಾರಂಟೈನ್‌ನಲ್ಲಿದ್ದವರಿಗೂ ಸತ್ತವರ ಮನೆಯವರಿಗೂ ಅವರವರ ಭಾಷೆಯಲ್ಲೇ ಮಾತಾಡುವ ಸಿಬ್ಬಂದಿಯನ್ನು ಒದಗಿಸಿತು.