ಗೆಜ್ಜೆ ಕಟ್ಟಿದವರ ಸ್ನಾತಕೋತ್ತರ ಪದವಿ

ರಂಗದ ಮೇಲೆ ನೆಲೆ ಸಿಗದವರು ನೃತ್ಯದಲ್ಲಿ ಎಂ.ಎ. ಮಾಡುತ್ತಾರೆ ಎಂಬ ಮಾತು ಈಚೆಗೆ ಸಭೆಗಳಲ್ಲಿ ಸಲೀಸಾಗಿ ಕೇಳಿಬರುತ್ತಿದೆ. ಗುರುವಿನ ಮನೆಯಲ್ಲಿ ಉಳಿದ ಕಲೆ ವಿಶ್ವವಿದ್ಯಾಲಯದಲ್ಲಿ ಸೊರಗಿತು ಎಂಬುದು ಅದೇ ಮಾತಿನ ಬಾಲ. ಈ ವಿಭಾಗಗಳಲ್ಲೇ ಕಲಿತು, ಕಲಿಸಿ, ತಲೆ ನರೆತ ನಾನು ಇದನ್ನು ಒಪ್ಪಲಾರೆ. ಮೈಸೂರಿನ ಚರಿತ್ರೆಯೂ ಒಪ್ಪುವುದಿಲ್ಲ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1926ರಲ್ಲೇ ನೃತ್ಯವನ್ನು ಪದವಿಯ ವಿಷಯವಾಗಿಸಿತು. ಅದರ ಹಿಂದಿದ್ದ ಮಾರ್ಗರೆಟ್ ಡಬ್ಲರ್ ದೈಹಿಕ ಶಿಕ್ಷಣದ ಅಧ್ಯಾಪಕಿ. ನಮ್ಮಲ್ಲಿ 1950ರ ಸುಮಾರಿಗೆ ಬರೋಡದಲ್ಲಿ ಮೋಹನ್ ಖೋಕರ್ ಮುಖ್ಯಸ್ಥರಾಗಿ ನೃತ್ಯ ವಿಭಾಗ ಶುರುವಾಯಿತು. 1956ರಲ್ಲಿ ಖೈರಾಗಢದ, 1962ರಲ್ಲಿ ಕಲ್ಕತ್ತೆಯ ರವೀಂದ್ರ ಭಾರತಿ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು.

ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಬೋಧನೆ ಆರಂಭವಾದದ್ದು 1965ರಲ್ಲಿ. ಮೊದಲ ರೀಡರ್ ಆಗಿ ಬಂದವರು ಕೆ. ವೆಂಕಟಲಕ್ಷಮ್ಮ: ಕಡೂರು ಸೀಮೆಯ ತಾಂಡಾದಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರಲ್ಲಿ ಕಲಿತು, ಅರಮನೆಯ ಆಸ್ಥಾನ ನರ್ತಕಿಯಾಗಿದ್ದವರು. ಅವರ ಅರ್ಹತೆ ಗುರುವಿನಿಂದ ಬಂದದ್ದು, ಪ್ರಮಾಣಪತ್ರದಿಂದ ಬಂದದ್ದಲ್ಲ. ಅದನ್ನು ಗುರುತಿಸಿದ್ದು ಅಂದಿನ ವಿಶ್ವವಿದ್ಯಾಲಯದ ದೊಡ್ಡತನ. ಇಂದು ಅಂಥ ನೇಮಕಾತಿಯ ಕಡತ ಮೊದಲ ಮೇಜನ್ನೇ ದಾಟಲಿಕ್ಕಿಲ್ಲ. 1974ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಆಸ್ಥಾನದ ಅಭಿನಯ ತರಗತಿಯ ಪಾಠವಾಗಿತ್ತು. ಕಲೆ ಸೊರಗಿದ್ದು ಎಲ್ಲಿ?

ಆ ಪಾಠದ ಬಗೆಯನ್ನು ಹೇಳಲೇಬೇಕು. ಜಾವಳಿಯ ಒಂದೇ ಸಾಲನ್ನು ಕುಳಿತಲ್ಲೇ ಮತ್ತೆ ಮತ್ತೆ ಹಿಡಿಯಬೇಕು. ಮೊದಲ ಸಲ ನಾಯಿಕೆ ಸಖಿಯನ್ನು ನೋಡಿ ಕೇಳುತ್ತಾಳೆ. ಮರುಸಲ ಅದೇ ಪ್ರಶ್ನೆ ಬಾಗಿಲ ಕಡೆಗೆ. ಆಮೇಲಿನದರಲ್ಲಿ ಹಸ್ತ ಏಳುವ ಮೊದಲೇ ನೋಟ ತಗ್ಗುತ್ತದೆ, ಕೇಳಿದ್ದೇ ತಪ್ಪಾಯಿತೇನೋ ಎಂಬಂತೆ. ಸಾಹಿತ್ಯ ಬದಲಾಗಿಲ್ಲ, ತಾಳ ಬದಲಾಗಿಲ್ಲ, ಹಸ್ತವೂ ಅದೇ. ಬದಲಾದದ್ದು ನೋಟ ಮತ್ತು ಹಸ್ತದ ನಡುವಿನ ಅರೆಗಳಿಗೆ. ಅಮರುಶತಕದ ಶ್ಲೋಕಕ್ಕೂ ಅಷ್ಟಪದಿಗೂ ಇದೇ ಕ್ರಮ. ಅರ್ಥವನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸುವುದು ಸಂಶೋಧನೆಯಲ್ಲದೆ ಮತ್ತೇನು?

ನಮ್ಮ ಪೀಳಿಗೆಯ ಭಾಗ್ಯ ಇನ್ನೊಂದಿತ್ತು. ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರೂ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯರೂ ಆಗಿದ್ದ ಯು.ಎಸ್. ಕೃಷ್ಣರಾವ್, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ನೃತ್ಯ, ನಾಟಕ, ಸಂಗೀತ ವಿಭಾಗ ಕಟ್ಟಲು ಮುಂದೆ ನಿಂತರು. ಪ್ರಯೋಗಾಲಯದ ಶಿಸ್ತಿಗೂ ಅಡವಿನ ಶಿಸ್ತಿಗೂ ವೈರವಿಲ್ಲ ಎಂಬುದಕ್ಕೆ ಅವರ ಬದುಕೇ ಪುರಾವೆ. ಮಾಸ್ಕೋದಲ್ಲಿ ನೃತ್ಯ ಸಂಯೋಜನೆ ಕಲಿತುಬಂದ ಮಾಯಾ ರಾವ್ 1987ರಲ್ಲಿ ದೆಹಲಿಯಿಂದ ಬೆಂಗಳೂರಿಗೆ ಬಂದು, ಸಂಯೋಜನೆಯೂ ಪದವಿಗೆ ತಕ್ಕ ವಿಷಯ ಎಂದು ಸಾಧಿಸಿ ತೋರಿಸಿದರು. ಅಲ್ಲಿಯವರೆಗೆ ಕಲಿತದ್ದನ್ನು ಒಪ್ಪಿಸುವುದೇ ಪರೀಕ್ಷೆಯಾಗಿತ್ತು.

2009ರಲ್ಲಿ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ಬಂತು. ಖಾಸಗಿ ವಿಶ್ವವಿದ್ಯಾಲಯಗಳೂ ನೃತ್ಯದ ಸ್ನಾತಕೋತ್ತರ ತರಗತಿ ತೆರೆದಿವೆ. ವಿದ್ವತ್ ಮುಗಿಸಿದವರು ಸಾಲುಗಟ್ಟಿ ಬರುತ್ತಾರೆ. ಬಂದವರಿಗೆ ನಾವು ಕೊಡುತ್ತಿರುವುದೇನು? ನಾಟ್ಯಶಾಸ್ತ್ರ, ಅಭಿನಯದರ್ಪಣಗಳ ಟಿಪ್ಪಣಿ, ಕೊನೆಗೊಂದು ಪ್ರಬಂಧ. ನೂರೆಂಟು ಕರಣಗಳ ಹೆಸರು ಬರೆದವಳಿಗೆ ಅಂಕವಿದೆ. ಒಂದು ಜಾವಳಿಯನ್ನು ಹತ್ತು ಬಗೆಯಲ್ಲಿ ಬಿಡಿಸಿದವಳ ಕೆಲಸ ಪ್ರಬಂಧದ ಲೆಕ್ಕಕ್ಕೆ ಬರುವುದಿಲ್ಲ. ಅತ್ತ ನೆಟ್ ಪರೀಕ್ಷೆಯಲ್ಲಿ ಸಂಗೀತ ಸ್ವತಂತ್ರ ವಿಷಯ; ನೃತ್ಯಕ್ಕೆ ಮಾತ್ರ ನಾಟಕ, ರಂಗಭೂಮಿಯ ಜೊತೆ ಒಂದೇ ವಿಷಯದಲ್ಲಿ ಪಾಲು. ಹಾಡುವವರಿಗೆ ಸಂದ ಮರ್ಯಾದೆ ಕುಣಿಯುವವರಿಗೂ ಸಲ್ಲಬೇಕು.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಕರಾವಳಿಗೆ ಬಂದು, ಮದ್ದಲೆಯ ಹಿರಿಯಡ್ಕ ಗೋಪಾಲರಾಯರಂಥವರ ಜೊತೆ ಕಲಿತ ಮಾರ್ತಾ ಆಷ್ಟನ್, ಯಕ್ಷಗಾನದ ಬಡಗುತಿಟ್ಟಿನ ಮೇಲೆ 1972ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ನಮ್ಮ ನೃತ್ಯ ವಿಭಾಗಗಳು ಯಕ್ಷಗಾನವನ್ನು ಬಹುಮಟ್ಟಿಗೆ ಜಾನಪದದವರ ಪಾಲಿಗೆ ಬಿಟ್ಟು ಕೈತೊಳೆದುಕೊಂಡವು. ಅದರ ತಾಳ ಹಿಡಿಯಬಲ್ಲ, ಹೆಜ್ಜೆಯನ್ನು ಕಾಲಿನಿಂದಲೇ ಅಳೆಯಬಲ್ಲ ವಿದ್ಯಾರ್ಥಿಗಳು ಇರುವುದು ನಮ್ಮ ತರಗತಿಗಳಲ್ಲೇ. ಅವರಿಗೆ ಒಂದು ಸೆಮಿಸ್ಟರ್ ಮೇಳದ ಜೊತೆ ಇರಲು ಬಿಡಬೇಕು; ಅಲ್ಲಿ ಕಲಿತು ಕುಣಿದ ಒಡ್ಡೋಲಗವನ್ನು ಲಿಖಿತ ಪ್ರಬಂಧದ ಸಮಕ್ಕೆ ಪರೀಕ್ಷಕರು ಕೂತು ನೋಡಬೇಕು.