ಕುಂಕಳ್ಳಿಯ ಪೆಟ್ಟು

ಮಡಗಾಂವಿನಿಂದ ಕಾರವಾರದ ಕಡೆ ಹೊರಟರೆ ದಾರಿಯಲ್ಲಿ ಕುಂಕಳ್ಳಿ ಸಿಗುತ್ತದೆ. ಈಗ ಅದು ಕೈಗಾರಿಕಾ ವಸಾಹತು ಇರುವ ಪಟ್ಟಣ. 16ನೇ ಶತಮಾನದಲ್ಲಿ ಅದು ಗಾಂವ್ಕಾರರ, ಅಂದರೆ ಊರಿನ ಮೂಲ ಒಡೆಯರ, ಊರಾಗಿತ್ತು. ಹೊಲ, ನೀರು, ಗುಡಿ ಎಲ್ಲವೂ ಹನ್ನೆರಡು ವಾಂಗೋಡುಗಳ, ಅಂದರೆ ಹನ್ನೆರಡು ಕುಲಗಳ ಸುಪರ್ದಿಯಲ್ಲಿದ್ದವು. ಊರಿನ ದೇವತೆ ಶಾಂತಾದುರ್ಗೆ. ಗೋವಾದಲ್ಲಿ ಶಾಂತಾದುರ್ಗೆಯೆಂದರೆ ಮೂಲತಃ ಸಾಂತೇರಿ, ಹುತ್ತದ ರೂಪದ ದೇವಿ.

ಈ ಊರು ಇರುವ ಸಾಷ್ಟಿ ಸೀಮೆ 1543ರಲ್ಲಿ ಬಿಜಾಪುರದ ಆದಿಲಶಾಹಿಯ ಕೈಯಿಂದ ಪೋರ್ಚುಗೀಸರ ಕೈಗೆ ಹೋಯಿತು. 1560ರಲ್ಲಿ ಜೆಸುಯಿಟ್ ಪಾದ್ರಿಗಳು ಬಂದರು. ಅದೇ ವರ್ಷ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯವೂ ಶುರುವಾಯಿತು. 1567ರ ಹೊತ್ತಿಗೆ ಸಾಷ್ಟಿಯ ಗುಡಿಗಳು ಸಾಲುಸಾಲಾಗಿ ಉರುಳಿದವು. ಕುಂಕಳ್ಳಿ, ಅಸೋಳ್ಣೆ, ವೇಳಿ, ಆಂಬೆಲಿ, ವೆರೋಡಾ ಎಂಬ ಐದು ಊರುಗಳು ಕಂದಾಯ ಕಟ್ಟುವುದಿಲ್ಲವೆಂದು ನಿಂತವು. ಗುಡಿ ಕೆಡವಿದಲ್ಲಿ ಮತ್ತೆ ಕಟ್ಟಿದರು. ದಂಡು ಬಂದು ಮತ್ತೆ ಕೆಡವಿತು. ಪಿಯೆತ್ರೊ ಬೆರ್ನೊ ಎಂಬ ಪಾದ್ರಿ ಪೂಜೆಯ ಹುತ್ತವನ್ನು ಒಡೆದು, ಅಲ್ಲೇ ಹಸು ಕಡಿದದ್ದನ್ನು ಜೆಸುಯಿಟ್ ಬರಹಗಳೇ ಹೇಳುತ್ತವೆ.

1583ರ ಜುಲೈ 25ರಂದು ಐವರು ಜೆಸುಯಿಟರು ಚರ್ಚಿಗೆ ಜಾಗ ನೋಡಲು ಕುಂಕಳ್ಳಿಗೆ ಬಂದರು. ಊರವರು ಅವರನ್ನು ಕೊಂದು ಹೆಣಗಳನ್ನು ಬಾವಿಗೆ ಹಾಕಿದರು. ಸತ್ತವರಲ್ಲಿ ಬೆರ್ನೊ ಇದ್ದ. ಅಕ್ಬರನ ಆಸ್ಥಾನದಲ್ಲಿ ಮೂರು ವರ್ಷ ಇದ್ದು ಆಗಷ್ಟೇ ಮರಳಿದ್ದ ರೊಡೊಲ್ಫೊ ಅಕ್ವಾವಿವಾ ಇದ್ದ. ಜೊತೆಗೆ ಬಂದಿದ್ದ ಸ್ಥಳೀಯ ಕ್ರೈಸ್ತರೂ ಇದ್ದರು. ಇದಕ್ಕೆ ಪೋರ್ಚುಗೀಸರ ಉತ್ತರ ಅಸೋಳ್ಣೆಯ ಕೋಟೆಯಲ್ಲಿ ಸಿಕ್ಕಿತು. ಸಂಧಾನಕ್ಕೆಂದು ಹದಿನಾರು ನಾಯಕರನ್ನು ಕರೆಸಿ, ಹದಿನೈದು ಮಂದಿಯನ್ನು ವಿಚಾರಣೆಯಿಲ್ಲದೆ ಕೊಲ್ಲಲಾಯಿತು. ಒಬ್ಬ ಮಾತ್ರ ಪಾಯಖಾನೆಯ ಕಿಂಡಿಯಿಂದ ನದಿಗೆ ಹಾರಿ ಕಾರವಾರದ ಕಡೆ ಪಾರಾದನೆಂದು ಊರಿನ ನೆನಪು. ಐದೂ ಊರುಗಳ ಭೂಮಿ ಮುಟ್ಟುಗೋಲಾಗಿ ಪೋರ್ಚುಗೀಸ್ ಶ್ರೀಮಂತ ಮನೆತನವೊಂದರ ಪಾಲಾಯಿತು. ಗಾಂವ್ಕಾರರು ತಮ್ಮದೇ ಗದ್ದೆಯಲ್ಲಿ ಗೇಣಿದಾರರಾದರು. ದೇವಿಯನ್ನು ಫಾತರ್ಪೆಗೆ ಸಾಗಿಸಿದರು.

ಆಗಿನ ಕಡತಗಳಲ್ಲಿ ಆತ್ಮಗಳ ಲೆಕ್ಕವಿದೆ, ಕಂದಾಯದ ಲೆಕ್ಕವಿದೆ. ಅಪ್ಪನನ್ನು ಕೋಟೆಗೆ ಕಳಿಸಿ ಹೆಣವನ್ನೂ ಕಾಣದ ಮನೆಯಲ್ಲಿ ಯಾರ ನಿದ್ದೆ ಕೆಟ್ಟಿತು, ಯಾರಿಗೆ ಅನ್ನ ಸೇರದಾಯಿತು ಎಂಬುದನ್ನು ಬರೆದಿಡುವ ಪದ್ಧತಿ ಆಗ ಇರಲಿಲ್ಲ. ವೈದ್ಯಶಾಸ್ತ್ರವೂ ಈ ಕಡೆ ಕಣ್ಣು ಹಾಯಿಸಿದ್ದು ತಡವಾಗಿ, ಅದೂ ಮೊದಲು ಸೈನಿಕರ ಮೂಲಕ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಾರಣ ಸಿಗದ ಎದೆನೋವು, ಡವಗುಟ್ಟುವಿಕೆ, ಏದುಸಿರು ಕಂಡ ಜೇಕಬ್ ದ ಕೋಸ್ಟಾ ಎಂಬ ವೈದ್ಯ 1871ರಲ್ಲಿ ಅದನ್ನು ಹೃದಯದ ತೊಂದರೆಯಾಗಿ ವಿವರಿಸಿದ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮಾನಸಿಕ ಆಘಾತಕ್ಕೆ ಶೆಲ್ ಶಾಕ್ ಎಂಬ ಹೆಸರು ಬಂತು. ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿದ್ದು 1980ರಲ್ಲಿ.

ಭಯ ಮೈಗೆ ಇಳಿಯುತ್ತದೆ ಎಂಬುದು ಕನ್ನಡದ ಆಡುಮಾತಿಗೆ ಹೊಸದೇನಲ್ಲ. ಎದೆ ಝಲ್ಲೆನ್ನುತ್ತದೆ, ಕೈಕಾಲು ತಣ್ಣಗಾಗುತ್ತವೆ, ಕರುಳು ಕಿವುಚುತ್ತದೆ. ಬೆಚ್ಚಿಬಿದ್ದ ಮಗುವಿಗೆ ಜ್ವರ ಬಂದರೆ ದಾರ ಕಟ್ಟಿಸುತ್ತಾರೆ. ಶರೀರಶಾಸ್ತ್ರ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಅಪಾಯ ಎದುರಾದಾಗ ಅಡ್ರಿನಲಿನ್ ಏರುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಅಪಾಯ ಕಳೆದ ಮೇಲೆ ಇವೆಲ್ಲ ಇಳಿಯಬೇಕು. ಪಿಟಿಎಸ್‌ಡಿ ಇರುವವರಲ್ಲಿ ಅವು ಸರಿಯಾಗಿ ಇಳಿಯುವುದಿಲ್ಲ. ಒಂದು ಸದ್ದು, ಒಂದು ವಾಸನೆ ಸಾಕು, ಮೈ ಹಳೆಯ ದಿನಕ್ಕೆ ಮರಳುತ್ತದೆ. ನಿದ್ದೆ ಕೆಡುತ್ತದೆ, ಕಾರ್ಟಿಸಾಲ್ ಹಾರ್ಮೋನಿನ ಲಯ ತಪ್ಪುತ್ತದೆ, ಉರಿಯೂತದ ಅಂಶಗಳು ಹೆಚ್ಚುತ್ತವೆ. ಸಮಾಧಾನಕ್ಕೆಂದು ಹಿಡಿದ ಬೀಡಿ, ಹೆಂಡ ಉಳಿದ ಕೆಲಸ ಮಾಡುತ್ತವೆ. ಸಕ್ಕರೆ ಕಾಯಿಲೆ, ಹೊಟ್ಟೆಯ ತೊಂದರೆ, ಬಿಡದ ಮೈಕೈನೋವು ಇಂಥವರಲ್ಲಿ ಹೆಚ್ಚು. ವಿಯೆಟ್ನಾಂ ಯುದ್ಧಕಾಲದ ಸೈನಿಕರಾಗಿದ್ದ ಅವಳಿ ಸಹೋದರರನ್ನು ಹದಿಮೂರು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪಿಟಿಎಸ್‌ಡಿ ಇದ್ದವರ ಪೈಕಿ ಶೇ 22.6 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಕಾಣಿಸಿತ್ತು. ಇಲ್ಲದವರಲ್ಲಿ ಅದು ಶೇ 8.9. ಅವಳಿಗಳನ್ನು ಹೋಲಿಸಿದಾಗಲೂ ವ್ಯತ್ಯಾಸ ಉಳಿದದ್ದರಿಂದ, ವಂಶ ಮತ್ತು ಬೆಳೆದ ಮನೆಯ ಮೇಲಷ್ಟೇ ಹೊರೆ ಹಾಕುವಂತಿಲ್ಲ.

ಕರ್ನಾಟಕದಲ್ಲಿ ಈ ದಿಕ್ಕಿನ ಕೆಲಸಕ್ಕೆ ದಾರಿ ಮಾಡಿದ್ದು ಬೆಂಕಿ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಅವರ ಮನೆಯವರ ದುಃಖವನ್ನು ನಿಮ್ಹಾನ್ಸ್ ವೈದ್ಯರು ಅಧ್ಯಯನ ಮಾಡಿದರು. 1984ರ ಭೋಪಾಲ ಅನಿಲ ದುರಂತದ ನಂತರ ಅದೇ ಸಂಸ್ಥೆಯ ಆರ್. ಶ್ರೀನಿವಾಸ ಮೂರ್ತಿ ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ತೊಂದರೆ ಗುರುತಿಸುವ ತರಬೇತಿ ಕೊಡಿಸಿದರು. ಕೆಮ್ಮು, ಕಣ್ಣುರಿ ಎಂದು ಬಂದವರ ಕಷ್ಟದಲ್ಲಿ ಅನಿಲದ ಪಾಲೆಷ್ಟು, ಆ ರಾತ್ರಿಯ ಪಾಲೆಷ್ಟು ಎಂದು ಗೆರೆ ಎಳೆಯುವುದು ಅಲ್ಲಿ ಸುಲಭವಿರಲಿಲ್ಲ.

1583ರ ಜನಕ್ಕೆ 1980ರ ಹೆಸರು ಹಚ್ಚುವುದು ಸಲ್ಲದು. ಕುಂಕಳ್ಳಿಯಲ್ಲಿ ಉಳಿದಿರುವುದು ರೋಗಿಯ ಚೀಟಿಯಲ್ಲ, ಒಂದು ಆಚರಣೆ. ಗೋವಾದ ಹೋಳಿ ಹಬ್ಬವಾದ ಶಿಗ್ಮೊ ಕಾಲದಲ್ಲಿ, ಫಾಲ್ಗುಣ ಬಹುಳ ಪಂಚಮಿಯಂದು ಸೋಂತ್ರಿಯೊ ನಡೆಯುತ್ತದೆ, ಅಂದರೆ ಛತ್ರಿಗಳ ಮೆರವಣಿಗೆ. ದೇವಿ ಫಾತರ್ಪೆಯಿಂದ ತನ್ನ ಮೂಲ ಊರಿಗೆ ಬರುತ್ತಾಳೆ. ಹನ್ನೆರಡು ಕುಲಗಳಿಗೆ ಹನ್ನೆರಡು ಛತ್ರಿ. ಗುಲಾಲು ಹಾರಿ ಬಟ್ಟೆ, ತಲೆ, ರಸ್ತೆ ಎಲ್ಲ ಕೆಂಪಾಗುತ್ತವೆ. ಡೋಲಿನ ಜೊತೆ ಹೆಜ್ಜೆ ಹಾಕಿ ಜನ ಬಿಸಿಲಲ್ಲಿ ಮೈಲುಗಟ್ಟಲೆ ನಡೆಯುತ್ತಾರೆ. ಇದನ್ನು ಚಿಕಿತ್ಸೆ ಎಂದು ಕರೆಯುವ ಉತ್ಸಾಹ ಈಚೆಗೆ ಹೆಚ್ಚಾಗಿದೆ. ಅದು ಹಬ್ಬಕ್ಕೂ ಚಿಕಿತ್ಸೆಗೂ ಮಾಡುವ ಅನ್ಯಾಯ. ಹೇಳಬಹುದಾದದ್ದು ಇಷ್ಟು: ಕಡತದಲ್ಲಿ ಜಾಗ ಸಿಗದ ಮನೆಗಳು ಈ ಕತೆಯನ್ನು ವರ್ಷಕ್ಕೊಮ್ಮೆ ನಡೆದು ಉಳಿಸಿಕೊಂಡವು.

ಐವರು ಜೆಸುಯಿಟರನ್ನು ಪೋಪ್ ಹದಿಮೂರನೇ ಲಿಯೋ 1893ರಲ್ಲಿ ಪುನೀತರೆಂದು ಸಾರಿದರು. ಅಸೋಳ್ಣೆಯಲ್ಲಿ ಸತ್ತ ನಾಯಕರಿಗೆ ಕುಂಕಳ್ಳಿಯಲ್ಲಿ ಸ್ಮಾರಕ ಎದ್ದದ್ದು 1961ರಲ್ಲಿ ಗೋವಾ ವಿಮೋಚನೆಯಾಗಿ ದಶಕಗಳು ಕಳೆದ ಮೇಲೆ. ಹನ್ನೆರಡು ಕುಲಗಳಲ್ಲಿ ಈಗ ಕ್ರೈಸ್ತ ಮನೆಗಳೂ ಇವೆ. ಛತ್ರಿಗಳ ದಿನ ಆ ಮನೆಯವರೂ ಬರುತ್ತಾರೆ.